ಪಟ್ಟಂದೂರು ಅಗ್ರಹಾರದ ಲಾಭಾಂಶ

ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ವೈಟ್‌ಫೀಲ್ಡ್ ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ತನಕ ಯಾರೂ ಕಾಯುವುದಿಲ್ಲ. ವೇಗ ತಗ್ಗುತ್ತಿದ್ದಂತೆ ಬಾಗಿಲಲ್ಲಿ ಜೋತುಬಿದ್ದವರು ಒಬ್ಬೊಬ್ಬರಾಗಿ ಪ್ಲಾಟ್‌ಫಾರಂಗೆ ಹಾರುತ್ತಾರೆ. ಹಾರಿದ ರಭಸಕ್ಕೆ ನಾಲ್ಕು ಹೆಜ್ಜೆ ಓಡಿ, ಆ ಓಟವನ್ನೇ ನಡಿಗೆ ಮಾಡಿಕೊಂಡು ಮೇಲ್ಸೇತುವೆಯ ಮೆಟ್ಟಿಲು ಹಿಡಿಯುತ್ತಾರೆ. ಹಿಂದೆಯೇ ಹೆಂಗಸರ ದಂಡು. ಕೊರಳಲ್ಲಿ ಗುರುತಿನ ಚೀಟಿಯ ದಾರ, ಹೆಗಲಲ್ಲಿ ಊಟದ ಡಬ್ಬಿ ಇಟ್ಟ ಚೀಲ, ಮುಡಿಯಲ್ಲಿ ಅರ್ಧ ಮೊಳ ಮಲ್ಲಿಗೆ. ಸೆಕ್ಯುರಿಟಿಯವರ ಇಸ್ತ್ರಿ ಮಾಡಿದ ಅಂಗಿಗಳು, ಹೌಸ್‌ಕೀಪಿಂಗ್‌ನವರ ಮಡಿಸಿಟ್ಟ ಏಪ್ರನ್ನುಗಳು, ಬೆನ್ನಿಗೆ ಲ್ಯಾಪ್‌ಟಾಪ್ ಏರಿಸಿದ ಹುಡುಗ ಹುಡುಗಿಯರು. ಒಂದು ಮಾತು ತಮಿಳಿನಲ್ಲಿ ಶುರುವಾಗಿ, ಕನ್ನಡದಲ್ಲಿ ತಿರುಗಿ, ತೆಲುಗಿನಲ್ಲಿ ನಗುವಾಗಿ ಮುಗಿಯುತ್ತದೆ. ಐದು ನಿಮಿಷದಲ್ಲಿ ಪ್ಲಾಟ್‌ಫಾರಂ ಖಾಲಿ. ಕಡಲೆಕಾಯಿ ಮಾರುವಾತ ಬುಟ್ಟಿ ಇಳಿಸಿ ಬೀಡಿ ಹಚ್ಚುತ್ತಾನೆ.

ಇವರು ಹತ್ತಿ ಬಂದ ನಿಲ್ದಾಣಗಳ ಸಾಲು ಹೀಗಿದೆ: ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್. ಆಮೇಲೆ ಬಂಗಾರಪೇಟೆ, ಟೇಕಲ್, ಮಾಲೂರು, ದೇವನಗೊಂದಿ. ಮೊದಲ ನಾಲ್ಕೂ ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ ಸೀಮೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಆ ಕವಲು ಹಳಿ ಹಾಕಿದ್ದು 1894ರಲ್ಲಿ. ಆಗ ಅದರ ಕೆಲಸ ಗಣಿಗೆ ಕಲ್ಲಿದ್ದಲು, ಯಂತ್ರ, ಮರಮುಟ್ಟು, ಆಳುಗಳನ್ನು ಒಳಕ್ಕೆ ತರುವುದು. ಈಗ ಅದೇ ಹಳಿ ಮನುಷ್ಯರನ್ನು ಬೆಳಿಗ್ಗೆ ಹೊರಗೆ ಒಯ್ದು ರಾತ್ರಿ ವಾಪಸು ತಂದು ಬಿಡುತ್ತದೆ. ಸಿನಿಮಾ ನೋಡಿ ಕೆಜಿಎಫ್ ಗೊತ್ತು ಎನ್ನುವವರು ಒಮ್ಮೆ ಈ ರೈಲಿನಲ್ಲಿ ನಿಂತುಕೊಂಡು ಬರಬೇಕು. ಕೂತುಕೊಂಡು ಬರುವ ಮಾತು ಹೇಗೂ ಇಲ್ಲ.

ಚಿನ್ನದ ಗಣಿ ನಡೆಸಿದ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದದ್ದು 1880ರಲ್ಲಿ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ನಡುವಿನ ನೂರಿಪ್ಪತ್ತು ವರ್ಷಗಳಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಚಿನ್ನ ಸುಮಾರು 800 ಟನ್. ಮೈಸೂರು ಸರ್ಕಾರಕ್ಕೆ ನೂರಕ್ಕೆ ಐದರಂತೆ ರಾಜಧನ ಬರುತ್ತಿತ್ತು. ಆ ಹಣ ಬೊಕ್ಕಸದ ಬೇರೆ ಹಣದ ಜೊತೆ ಬೆರೆತು ರಸ್ತೆ, ಶಾಲೆ, ಸಂಬಳ, ಅರಮನೆಗಳಿಗೆ ಹರಿದುಹೋಯಿತು. ಎಲ್ಲವೂ ವ್ಯರ್ಥವಾಯಿತು ಎಂದರೆ ಸುಳ್ಳು. ಗಣಿಗೆ ವಿದ್ಯುತ್ ಬೇಕಿತ್ತು ಎಂಬ ಕಾರಣಕ್ಕೇ ಶಿವನಸಮುದ್ರದಲ್ಲಿ ಕಾವೇರಿಗೆ ಟರ್ಬೈನ್ ಕೂರಿಸಿ 1902ರಲ್ಲಿ ಕೋಲಾರದ ತನಕ ತಂತಿ ಎಳೆದರು. ಅದರ ಉಳಿಕೆಯಿಂದ 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1956ರಲ್ಲಿ ರಾಜ್ಯ ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಒಪ್ಪಿಸಿತು. ಅಷ್ಟರಲ್ಲಿ ಮೇಲಿನ ಕೆನೆ ಲಂಡನ್ನಿನ ಷೇರುದಾರರಿಗೆ ಸಂದು ಮುಗಿದಿತ್ತು. ಊರಿಗೆ ಉಳಿದದ್ದು ಚಿನ್ನ ತೆಗೆದು ಬಿಟ್ಟ ಮಣ್ಣಿನ ಸೈನೈಡ್ ಗುಡ್ಡಗಳು. ಗಾಳಿಕಾಲದಲ್ಲಿ ಅವುಗಳ ಧೂಳು ಬಟ್ಟೆ ಒಣಹಾಕಿದ ತಂತಿಯ ಮೇಲೂ ಇರುತ್ತದೆ, ಮುಚ್ಚಿಟ್ಟ ಅನ್ನದ ಪಾತ್ರೆಯ ಮೇಲೂ ಇರುತ್ತದೆ. ಸಾವಿರ ಎಕರೆಯಲ್ಲಿ ಹರಡಿದ ಅಂಥ ಹದಿಮೂರು ಗುಡ್ಡಗಳನ್ನು ಮತ್ತೆ ಸೋಸಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ವೈಟ್‌ಫೀಲ್ಡ್ ನಿಲ್ದಾಣದಿಂದ ಹೊರಬಿದ್ದ ಗುಂಪು ಕಾಡುಗೋಡಿಯಲ್ಲಿ ಎರಡಾಗಿ ಒಡೆಯುತ್ತದೆ. ಲ್ಯಾಪ್‌ಟಾಪ್ ಚೀಲಗಳು ಮೆಟ್ರೋ ಕಡೆಗೆ, ಊಟದ ಡಬ್ಬಿಗಳು ಬಿಎಂಟಿಸಿ ಕಡೆಗೆ. ನೇರಳೆ ಮಾರ್ಗ ಇಲ್ಲಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ಹೋಪ್‌ಫಾರಂ, ಕಾಡುಗೋಡಿ ಟ್ರೀ ಪಾರ್ಕ್ ದಾಟಿದರೆ ಮುಂದಿನದೇ ಪಟ್ಟಂದೂರು ಅಗ್ರಹಾರ. ತಂಪಾಗಿ, ಚೊಕ್ಕವಾಗಿ, ಕೆಲವೇ ನಿಮಿಷಗಳಲ್ಲಿ ತಲುಪಬಹುದು. ಆದರೆ 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಡಬ್ಬಿಯವರು ಅತ್ತ ಕಣ್ಣು ಹಾಯಿಸುವುದೂ ಕಡಿಮೆ. ಅವರದು ಮೆಜೆಸ್ಟಿಕ್‌ಗೆ ಹೋಗುವ 335ಇ.

ಬಸ್ಸಿನ ಮುಂಭಾಗ ಪೂರ್ತಿ ಹೆಂಗಸರು. ಕಂಡಕ್ಟರು ಆಧಾರ್ ಕಾರ್ಡಿನ ಕಡೆ ಅರೆನೋಟ ಬೀರಿ ಯಂತ್ರದಿಂದ ಚೀಟಿ ಹರಿದು ಹರಿದು ಕೊಡುತ್ತಾರೆ. ದರ: ಸೊನ್ನೆ. ಬಂಗಾರಪೇಟೆ ಹತ್ತಿರದಿಂದ ದಿನಾ ಬರುವ ಒಬ್ಬಾಕೆ ಅದನ್ನು ಉಂಗುರದ ಸಂದಿಗೆ ಸಿಕ್ಕಿಸಿಕೊಂಡು ನನಗೆ ವಿವರಿಸಿದರು: "ರೈಲಿಗೆ ತಿಂಗಳ ಪಾಸು ಮಾಡಿಸ್ಬೇಕು ಅಣ್ಣಾ, ಬಸ್ಸಿಗೆ ಇಲ್ಲ. ರೈಲು ಮೋದಿದು, ಬಸ್ಸು ಸಿದ್ರಾಮಯ್ಯಂದು." ಒಕ್ಕೂಟ ವ್ಯವಸ್ಥೆಯ ಬಗ್ಗೆ ಇಷ್ಟು ಚುಟುಕಾದ ಪಾಠ ನಾನು ಬೇರೆಲ್ಲೂ ಕೇಳಿಲ್ಲ.

ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ ಇಂಥ ಸೊನ್ನೆ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಟಿಕೆಟ್ಟಿನ ಬೆಲೆ ಸೊನ್ನೆಯಾದರೂ ಅದು ಬರಿಯ ಕಾಗದವಲ್ಲ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಅಷ್ಟು ದೂರಕ್ಕೆ ಎಷ್ಟಾಗುತ್ತಿತ್ತು ಎಂಬುದೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ. ಆ ಮೊತ್ತವನ್ನು ಸಾರಿಗೆ ನಿಗಮ ಸರ್ಕಾರದಿಂದ ಕೇಳಬೇಕು. ಹೀಗಾಗಿ ಈ ಹೆಂಗಸಿಗೆ ಸರ್ಕಾರ ಇವತ್ತು ಬೆಳಿಗ್ಗೆ ಎಷ್ಟು ಖರ್ಚು ಮಾಡಿತು ಎಂಬುದು ರೂಪಾಯಿ ಲೆಕ್ಕದಲ್ಲಿ ಗೊತ್ತು. ಶಕ್ತಿಯೂ ಸೇರಿ ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೂ ಹಾಗೆಯೇ. 2024-25ರ ಬಜೆಟ್ಟಿನಲ್ಲಿ ಅವಕ್ಕೆ ತೆಗೆದಿಟ್ಟದ್ದು 52,009 ಕೋಟಿ ರೂಪಾಯಿ. ಕೋಟಿಯ ಮುಂದಿನ ಆ ಒಂಬತ್ತು ಕೂಡ ಜನರ ಬಾಯಲ್ಲಿದೆ.

ಹೋಪ್‌ಫಾರಂ ತಿರುವಿನಲ್ಲಿ ಬಸ್ಸಿನೊಳಗೆ ನಿಂತಿದ್ದ ಒಬ್ಬರು ತಮ್ಮ ಪಾಡಿಗೆ ತಾವೆಂಬಂತೆ, ಆದರೆ ಎಲ್ಲರಿಗೂ ಕೇಳುವಂತೆ, "ನಮ್ ಟ್ಯಾಕ್ಸಲ್ಲಿ ಊರೆಲ್ಲ ಫ್ರೀ" ಎಂದರು. ಉಂಗುರದ ಸಂದಿಯಲ್ಲಿ ಚೀಟಿ ಇಟ್ಟುಕೊಂಡಾಕೆ ಉತ್ತರ ಕೊಡಲಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯತ್ತ ತಿರುಗಿದರು. ಅವರ ತಾತ ಊರ್ಗಾಂ ಗಣಿಗೆ ಇಳಿಯುತ್ತಿದ್ದವರು ಎಂದು ಆಮೇಲೆ ಇಳಿಯುವಾಗ ತಿಳಿಯಿತು. ಆ ಚಿನ್ನ ಎಷ್ಟು, ಯಾರಿಗೆ, ಯಾವ ದರಕ್ಕೆ ಹೋಯಿತು, ಅದರ ಬದಲಿಗೆ ಊರಿಗೆ ಏನು ಬಂತು ಎಂಬುದಕ್ಕೆ ಯಾವ ಯಂತ್ರವೂ ಚೀಟಿ ಹರಿದಿಲ್ಲ. ನಮ್ಮ ವಾದಗಳೆಲ್ಲ ಕೊಡುವ ಕಡೆಯದ್ದು. ತೆಗೆದ ಕಡೆಯದ್ದು ಯಾರ ಬಾಯಲ್ಲೂ ಇಲ್ಲ.

ಐಟಿಪಿಎಲ್ ಎಂಬ ಟೆಕ್ ಪಾರ್ಕಿನ ನಿಲುಗಡೆಯಲ್ಲಿ ಬಸ್ಸು ಅರ್ಧ ಖಾಲಿಯಾಗುತ್ತದೆ. ಗೇಟಿನಲ್ಲಿ ಸಾಲು: ಚೀಲ ತೆರೆದು ತೋರಿಸಬೇಕು, ಡಬ್ಬಿಯ ಮುಚ್ಚಳವನ್ನೂ ಒಮ್ಮೊಮ್ಮೆ. ಒಳಗೆ ಗಾಜಿನ ಕಟ್ಟಡಗಳು. ಡಿಸ್ಕವರರ್, ಇನ್ನೊವೇಟರ್ ಮುಂತಾದ ಉತ್ಸಾಹದ ಹೆಸರುಗಳು. ಹುಲ್ಲಿಗೆ ನೀರು ಚಿಮುಕಿಸುವ ನಲ್ಲಿಗಳು ತಾವೇ ತಿರುಗುತ್ತವೆ. ಪ್ರಧಾನಿ ನರಸಿಂಹ ರಾಯರ ಕಾಲದಲ್ಲಿ ಭಾರತ, ಸಿಂಗಪುರಗಳ ನಡುವೆ ನಡೆದ ಮಾತುಕತೆಯ ಫಲ ಇದು. 1994ರಲ್ಲಿ ಟಾಟಾ ಸಂಸ್ಥೆ, ಸಿಂಗಪುರದ ಕಂಪನಿಗಳ ಕೂಟ, ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶ ಮಂಡಳಿ ಕೆಐಎಡಿಬಿ ಮೂವರೂ ಕೈಜೋಡಿಸಿದರು. 69 ಎಕರೆ. ಅದಕ್ಕೆ ಮೊದಲು ಇಲ್ಲಿದ್ದದ್ದು ರಾಗಿ, ಅವರೆ, ಅಲ್ಲಲ್ಲಿ ನೀಲಗಿರಿ ತೋಪು.

ಈ ಜಾಗದ ಬಹುಪಾಲು ಒಡೆತನ ಇವತ್ತು ಸಿಂಗಪುರದ ಷೇರು ಪೇಟೆಯಲ್ಲಿ ವಹಿವಾಟಾಗುವ ಒಂದು ಟ್ರಸ್ಟಿನದು. ಕೆಐಎಡಿಬಿಯದು ಚಿಕ್ಕ ಪಾಲು. ಟ್ರಸ್ಟು ಆರು ತಿಂಗಳಿಗೊಮ್ಮೆ ಬಾಡಿಗೆಯ ಆದಾಯದಿಂದ ತನ್ನ ಯೂನಿಟ್‌ದಾರರಿಗೆ ಹಣ ಹಂಚುತ್ತದೆ. ಸಿಂಗಪುರದ ಯಾವುದೋ ಬಹುಮಹಡಿಯ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರ ಖಾತೆಗೆ ಪಟ್ಟಂದೂರು ಅಗ್ರಹಾರದ ನೆಲದಿಂದ ಲಾಭಾಂಶ ಬೀಳುತ್ತಿರಬಹುದು. ಅದರಲ್ಲಿ ಅನ್ಯಾಯವೇನೂ ಇಲ್ಲ. ದುಡ್ಡು ಹಾಕಿದರು, ಕಟ್ಟಿದರು, ಕಾದರು, ಪಡೆಯುತ್ತಿದ್ದಾರೆ. ನನಗೆ ಕುತೂಹಲ ಹುಟ್ಟಿಸುವುದು ಬೇರೆ. ಒಂದು ತುಂಡು ನೆಲದ ಗಳಿಕೆಯನ್ನು ಸಾವಿರಾರು ಜನರಿಗೆ, ತಪ್ಪದೆ, ಪೈಸೆ ಲೆಕ್ಕದಲ್ಲಿ, ಸಮುದ್ರದಾಚೆಗೂ ಹಂಚುವ ವಿದ್ಯೆ ಇದೇ ಊರಲ್ಲಿ ನಡೆಯುತ್ತಿದೆ. ನೆಲ ಕೊಟ್ಟ ಊರಿಗೆ ಅದು ಒಮ್ಮೆ ಸಿಕ್ಕ ಪರಿಹಾರದ ಚೆಕ್ಕಿನಲ್ಲಿ ಮುಗಿದುಹೋಯಿತು. ಆ ಚೆಕ್ಕು ಎಷ್ಟೋ ಮನೆಗಳಲ್ಲಿ ಮಗಳ ಮದುವೆ, ಒಂದು ಟಾಟಾ ಸುಮೋ, ಮೂರು ಅಂತಸ್ತಿನ ಬಾಡಿಗೆ ಮನೆ ಆಗಿ ರೂಪಾಂತರಗೊಂಡಿತು. ಮೂರನೆಯದನ್ನು ಆರಿಸಿಕೊಂಡವರು ಜಾಣರು.

ಆ ಬಾಡಿಗೆ ಮನೆಗಳ ನಡುವೆ ನುಗ್ಗಿದರೆ ಊರು ಸಿಗುತ್ತದೆ. ಮೇಲೆ ನೋಡಿದರೆ ಪಿಜಿಗಳ ಬೋರ್ಡುಗಳು, ಬಾಲ್ಕನಿಯಲ್ಲಿ ತೂಗುಬಿದ್ದ ಜೀನ್ಸುಗಳು, ಬಾವುಟದ ದಾರದಂತೆ ಅಡ್ಡಾದಿಡ್ಡಿ ಹಾದ ಕೇಬಲ್ಲುಗಳು. ಕೆಳಗೆ ನೋಡಿದರೆ ರಂಗೋಲಿ, ಕಟ್ಟೆ, ಹಸು. ಹಾಲು ಕರೆಯುವ ಹೆಂಗಸಿನ ಪಕ್ಕದಲ್ಲೇ ಆ್ಯಪ್‌ನಲ್ಲಿ ಹಾಲು ತರಿಸಿಕೊಂಡ ಹುಡುಗಿ ಗೇಟು ತೆರೆಯುತ್ತಾಳೆ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲಗಳ ಸಾಲಿದೆ. ಜನ ಪಕ್ಕದ ನೆರಳಿನಲ್ಲಿ ಕೂತಿದ್ದಾರೆ, ಅವರ ಪರವಾಗಿ ಚೀಲಗಳು ಬಿಸಿಲಲ್ಲಿ ನಿಂತಿವೆ. ಬೆರಳಚ್ಚು ಯಂತ್ರ ಒಬ್ಬ ಅಜ್ಜಿಯ ಸವೆದ ಬೆರಳನ್ನು ಗುರುತಿಸಲೊಲ್ಲದು. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ, ಉಗುಳು ಸೋಕಿಸಿ, ಮತ್ತೆ ಇಡುತ್ತಾರೆ. ಅಕ್ಕಿ ಸಿಗುತ್ತದೆ. ಇಲ್ಲಿಯೂ ಚೀಟಿ ಬರುತ್ತದೆ.

ಊರಿನ ಹೆಸರಿನಲ್ಲಿರುವ ಅಗ್ರಹಾರವೆಂದರೆ ಹಂಚಿಕೆಯ ಒಂದು ಹಳೆಯ ಏರ್ಪಾಡು. ಅರಸ ತನಗೆ ಬರಬೇಕಾದ ಕಂದಾಯವನ್ನು ಬಿಟ್ಟುಕೊಟ್ಟು, ಊರನ್ನು ಇಂತಿಷ್ಟು ವೃತ್ತಿಗಳೆಂದು ಭಾಗ ಮಾಡಿ, ಓದುಬರಹದ ಕುಟುಂಬಗಳಿಗೆ ಕೊಡುತ್ತಿದ್ದ. ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದ. ತಪ್ಪಿದವರಿಗೆ ಶಾಪವನ್ನೂ ಅದೇ ಕಲ್ಲಿನಲ್ಲಿ. ಪಾಲು ಯಾರಿಗೆ ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು, ಉಳುವವನ ಹೆಸರು ಕಲ್ಲಿನ ಮೇಲೆ ಇರುತ್ತಿರಲಿಲ್ಲ. ಆದರೂ ಕೊಟ್ಟದ್ದೇನು, ಎಲ್ಲಿಂದ ಎಲ್ಲಿಯವರೆಗೆ ಎಂಬುದು ದಾರಿಹೋಕನಿಗೂ ಕಾಣುವಂತಿತ್ತು.

ಕಾಡುಗೋಡಿಯಲ್ಲಿಯೂ ಹಳೆಯ ಕಲ್ಲೊಂದಿದೆ. ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಲನೆಂಬ ನಾಯಕ ಪಟ್ಟಂದೂರಿನಲ್ಲಿ ಕೆರೆ ತೋಡಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದ ವಿಷಯ ಅದರಲ್ಲಿದೆ. ಸಾವಿರ ವರ್ಷದ ಹಿಂದಿನ ಸಾರ್ವಜನಿಕ ಖರ್ಚು ಎನ್ನಿ.

ಕೆರೆ ಎಂದಮೇಲೆ ನೀರುಗಂಟಿ. ಈ ಸೀಮೆಯಲ್ಲಿ, ಕೋಲಾರದ ಉದ್ದಗಲಕ್ಕೂ, ತೂಬು ತೆರೆಯುವ ಮುಚ್ಚುವ ಅಧಿಕಾರ ಅವನದು. ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೊನೆಯ ಗದ್ದೆಗೆ ಮುಟ್ಟಿತೋ ಇಲ್ಲವೋ, ಮಳೆ ಕೈಕೊಟ್ಟ ವರ್ಷ ಯಾರ ಪೈರು ಉಳಿಸಬೇಕು ಎಂಬುದನ್ನೆಲ್ಲ ಅವನು ತಲೆಯಲ್ಲೇ ಲೆಕ್ಕ ಇಟ್ಟುಕೊಂಡು ನಡೆಸುತ್ತಿದ್ದ. ಹೆಚ್ಚಿನ ಕಡೆ ಅವನು ದಲಿತ. ಸ್ವಂತ ಗದ್ದೆ ಇರುತ್ತಿದ್ದದ್ದು ಅಪರೂಪ. ಜಮೀನಿಲ್ಲದವನೇ ನೀರಿನ ವಿಷಯದಲ್ಲಿ ಪಕ್ಷಪಾತ ಮಾಡಲಾರ ಎಂಬ ತರ್ಕ ಅದರ ಹಿಂದಿತ್ತು ಎನ್ನುತ್ತಾರೆ. ಇದ್ದೀತು, ಅಥವಾ ಕಷ್ಟದ ಕೆಲಸವನ್ನು ಅವನ ತಲೆಗೆ ಕಟ್ಟಿದವರು ಆಮೇಲೆ ಹುಡುಕಿಕೊಂಡ ಸಮಜಾಯಿಷಿಯೂ ಇದ್ದೀತು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಕಾಳು ಸಲ್ಲುತ್ತಿತ್ತು. ಅಚ್ಚುಕಟ್ಟಿನ ಹೊರಗಿನವರಿಗೆ ಆ ನೀರಿನಲ್ಲಿ ಪಾಲಿರಲಿಲ್ಲ. ದನ ಕುಡಿಸಬಹುದಿತ್ತು, ಬಟ್ಟೆ ಒಗೆಯಬಹುದಿತ್ತು, ಅಷ್ಟೆ.

ಈಗಿನ ಪಟ್ಟಂದೂರು ಅಗ್ರಹಾರದ ಕೆರೆಯ ದಡದಲ್ಲಿ ನಿಂತರೆ ನೀರಿಗಿಂತ ಹೆಚ್ಚು ಕಾಣುವುದು ಜೊಂಡು. ಒಂದು ಬದಿ ಕಟ್ಟಡದ ಅವಶೇಷ ಸುರಿದು ಎತ್ತರವಾದ ದಿಬ್ಬ, ಅದರ ಮೇಲೆ ಎರಡು ಮೇಕೆ. ಇನ್ನೊಂದು ಬದಿ ಅಪಾರ್ಟ್‌ಮೆಂಟುಗಳ ಬೆನ್ನು. ನೀರು ಬರುವ ರಾಜಕಾಲುವೆಯಲ್ಲಿ ಮಳೆನೀರಿಗಿಂತ ಮೊದಲು ಸೋಪಿನ ನೊರೆ ಬರುತ್ತದೆ. ನೀರುಕೋಳಿಯೊಂದು ಪ್ಲಾಸ್ಟಿಕ್ ಚೀಲಕ್ಕೆ ಸುತ್ತು ಹಾಕಿ ಪರೀಕ್ಷಿಸುತ್ತಿದೆ. ಕೆರೆಯಂಗಳ ಸರ್ಕಾರದ್ದೋ ಖಾಸಗಿಯೋ ಎಂಬ ತಕರಾರೇ ಎದ್ದು, ಸುತ್ತಲಿನ ನಿವಾಸಿಗಳು ಫಲಕ ಹಿಡಿದು ನಿಂತು, ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಕೆರೆ ಉಳಿಸಲು ನಿಂತವರಲ್ಲಿ ಅನೇಕರು ನಿನ್ನೆ ಮೊನ್ನೆ ಬಂದು ನೆಲೆಸಿದವರು, ಮಾರಲು ಹೊರಟವರಲ್ಲಿ ಕೆಲವರು ತಲೆಮಾರುಗಳಿಂದ ಇರುವವರು. ಊರಿನವರು, ಹೊರಗಿನವರು ಎಂದು ಎರಡೇ ಬಣ್ಣ ಬಳಿದು ನೋಡುವವರಿಗೆ ಈ ದೃಶ್ಯ ಕಿರಿಕಿರಿ ತರುತ್ತದೆ.

ಕಾಡುಗೋಡಿಯ ಅರಣ್ಯದ ಕತೆ ಇನ್ನೂ ತೊಡಕಿನದು. 1896ರಲ್ಲಿ ಅರಣ್ಯವೆಂದು ಅಧಿಸೂಚನೆಯಾದ ಪ್ಲಾಂಟೇಶನ್ನಿನ 120 ಎಕರೆಯನ್ನು ಅರಣ್ಯ ಇಲಾಖೆ 2025ರ ಜೂನ್‌ನಲ್ಲಿ ವಶಕ್ಕೆ ಪಡೆಯಿತು. 4,000 ಕೋಟಿಗೂ ಹೆಚ್ಚು ಬೆಲೆಯ ಭೂಮಿ ಸರ್ಕಾರಕ್ಕೆ ಮರಳಿತು ಎಂದು ಸಚಿವರು ಹೇಳಿದರು. ಅದೇ ನೆಲದಲ್ಲಿ ದಶಕಗಳಿಂದ ಉಳುಮೆ ಮಾಡುತ್ತಿದ್ದ ದಲಿತ ಕುಟುಂಬಗಳು ತಮಗೆ 1950ರಲ್ಲಿ ಮಂಜೂರಾದ ಭೂಮಿ ಇದು ಎಂದು ಧರಣಿ ಕೂತವು. ಬೆಂಗಳೂರಿನ ಉಸಿರಿಗೆ ಕಾಡು ಬೇಕು, ಅದು ಎಲ್ಲರ ಸೊತ್ತು, ನಿಜ. ಎಲ್ಲರ ಸೊತ್ತನ್ನು ಕಾಪಾಡುವ ಜೆಸಿಬಿ ಮೊದಲು ಯಾರ ಹೊಲಕ್ಕೆ ನುಗ್ಗುತ್ತದೆ ಎಂಬುದೂ ನಿಜ. ಗಾಜಿನ ಗೋಪುರಗಳ ಕಡೆ ಅದರ ಹಲ್ಲು ಇಷ್ಟು ಚುರುಕಾಗಿ ತಿರುಗಿದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಊರಿನ ರಸ್ತೆ ದಾಟಿ ಇಪಿಐಪಿ ಕೈಗಾರಿಕಾ ಪ್ರದೇಶದ ಕಡೆಗೆ ನಡೆದರೆ ಗುಮ್ಮಟದ ದೊಡ್ಡ ಕಟ್ಟಡವೊಂದು ಎದುರಾಗುತ್ತದೆ, ಸತ್ಯಸಾಯಿ ಆಸ್ಪತ್ರೆ. ಸರ್ಕಾರ ಕೊಟ್ಟ ಸುಮಾರು 53 ಎಕರೆ, ಭಕ್ತರು ಕೊಟ್ಟ ಹಣ. 2001ರ ಜನವರಿ 19ರಂದು ಪ್ರಧಾನಿ ವಾಜಪೇಯಿ ಉದ್ಘಾಟಿಸಿದರು. ಕೋಲಾರದಲ್ಲಿ ಗಣಿಯ ಬಾಗಿಲು ಮುಚ್ಚಲು ಆಗ ನಲವತ್ತು ದಿನ ಬಾಕಿ. ಹೃದಯದ, ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುವ ಈ ಆಸ್ಪತ್ರೆಯಲ್ಲಿ ಹಣ ಕಟ್ಟುವ ಕೌಂಟರೇ ಇಲ್ಲ. ಹೊರಗಿನ ಮರಗಳ ಕೆಳಗೆ ಚಾಪೆ, ಪ್ಲಾಸ್ಟಿಕ್ ಕೊಡ, ಎಕ್ಸ್‌ರೇ ಲಕೋಟೆಗಳು. ರಾಯಚೂರು, ಕಲಬುರಗಿ, ಅನಂತಪುರ, ಅಸ್ಸಾಂ ಕಡೆಯವರೂ ಇದ್ದಾರೆ. ಸಂಡೂರು ಕಡೆಯಿಂದ ತಮ್ಮನ ಹೃದಯದ ಕವಾಟ ತೋರಿಸಲು ಬಂದ ಯುವಕನೊಬ್ಬ ರೊಟ್ಟಿ ಬಿಚ್ಚುತ್ತಿದ್ದ. ಬಟ್ಟೆಯ ಗಂಟಿಗೆ, ಚಪ್ಪಲಿಯ ಅಂಚಿಗೆ ಆ ಕಡೆಯ ಕೆಂಪು ಇನ್ನೂ ಅಂಟಿಕೊಂಡಿತ್ತು. "ನಮ್ಮೂರಾಗ ಲಾರಿ ಭಾಳ ರೀ, ಡಾಕ್ಟರ ಇಲ್ಲ" ಎಂದ.

ಸಂಡೂರು ಎಂದರೆ ಬಳ್ಳಾರಿಯ ಕಬ್ಬಿಣದ ಅದಿರಿನ ಸೀಮೆ, ಹತ್ತಿರದ ನೆನಪು. 2006ರಿಂದ 2010ರವರೆಗಿನ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಲೆಕ್ಕ ಕೊಟ್ಟಿತು. ಎರಡು ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದಿರು ಹೊರಟ ಲಾರಿಗೊಂದು ಪರವಾನಗಿ ಚೀಟಿ ಇರಬೇಕಿತ್ತು. ಇದ್ದ ಚೀಟಿಗಳಲ್ಲಿ ಎಷ್ಟೋ ಸುಳ್ಳು, ಎಷ್ಟೋ ಲಾರಿಗೆ ಅದೂ ಇಲ್ಲ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಮಾಯವಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕೋರ್ಟಿನಲ್ಲಿ ಹಟ ಹಿಡಿದು ಕೂರದಿದ್ದರೆ ಈ ಲೆಕ್ಕವೂ ಹೊರಬರುತ್ತಿರಲಿಲ್ಲ. ಆಮೇಲೆ ಗಣಿಬಾಧಿತ ಬಳ್ಳಾರಿ, ಚಿತ್ರದುರ್ಗ, ತುಮಕೂರು ಪ್ರದೇಶಗಳ ಪುನಶ್ಚೇತನಕ್ಕೆಂದೇ ಒಂದು ನಿಗಮ ಬಂತು, ಸುಮಾರು 25 ಸಾವಿರ ಕೋಟಿಯ ಯೋಜನೆ ಸಿದ್ಧವಾಯಿತು. 2015ರಲ್ಲಿ ಕೇಂದ್ರದ ಕಾಯ್ದೆ ತಿದ್ದುಪಡಿಯಾಗಿ ಪ್ರತಿ ಗಣಿ ಜಿಲ್ಲೆಗೂ ಖನಿಜ ಪ್ರತಿಷ್ಠಾನ ಹುಟ್ಟಿತು. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ಜಿಲ್ಲೆಗೇ ಕಟ್ಟಬೇಕು. ಹಣವೇನೋ ಸಂಡೂರಿನ ಹೆಸರಿನಲ್ಲಿದೆ. ಡಾಕ್ಟರು ಇನ್ನೂ ವೈಟ್‌ಫೀಲ್ಡಿನಲ್ಲಿದ್ದಾರೆ.

ಸಂಜೆ ನಾಲ್ಕಕ್ಕೆ ಅಗ್ರಹಾರದ ಟೀ ಅಂಗಡಿಯ ಮುಂದೆ ಕಲ್ಲು ಬೆಂಚು. ಊರಿನ ಹಳಬರೊಬ್ಬರು ಅಲ್ಲಿ ಕೂತು ಇಡೀ ಮೆಟ್ರೋ ಮಾರ್ಗವನ್ನು ಮೇಲ್ವಿಚಾರಣೆ ಮಾಡುತ್ತಿರುತ್ತಾರೆ. ಬಿಳಿ ಪಂಚೆ, ಹೆಗಲಲ್ಲಿ ಟವೆಲ್ಲು, ಕಿವಿಯಲ್ಲಿ ಹಳೆಯ ಕಡಕು. ಅವರ ಎರಡು ಎಕರೆ ಕೈಗಾರಿಕೆಗೆ ಹೋಗಿ ಕಾಲು ಶತಮಾನ ದಾಟಿದೆ. ಹೊರದೇಶಗಳಲ್ಲಿ ನೆಲದ ಸಂಪತ್ತಿನ ಹಣವನ್ನು ಜನರಿಗೇ ಹಂಚುತ್ತಾರಂತೆ, ಹೌದಾ ಎಂದು ಕೇಳಿದರು. ಯಾವುದೋ ವಿಡಿಯೋದಲ್ಲಿ ನೋಡಿದ್ದರಂತೆ.

ಹೌದು ಎಂದೆ. ಅಲಾಸ್ಕ ರಾಜ್ಯ 1976ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ತೈಲದ ರಾಜಧನದಲ್ಲಿ ಕಾಲುಭಾಗವಾದರೂ ಒಂದು ಶಾಶ್ವತ ನಿಧಿಗೆ ಹೋಗಬೇಕೆಂದು ಮಾಡಿತು. 1982ರಿಂದ ಅಲ್ಲಿ ನೆಲೆಸಿದ ಪ್ರತಿಯೊಬ್ಬರಿಗೂ, ಕೂಸಿಗೂ ಮುದುಕನಿಗೂ ಸಮನಾಗಿ, ವರ್ಷಕ್ಕೊಂದು ಚೆಕ್ಕು ಬರುತ್ತದೆ. ಮೊದಲ ವರ್ಷ ಸಾವಿರ ಡಾಲರ್ ಬಂದಿತ್ತು. ಹೆಚ್ಚು ವರ್ಷ ಇದ್ದವರಿಗೆ ಹೆಚ್ಚು ಕೊಡೋಣವೆಂದು ಅವರು ಹೊರಟಾಗ ಅಮೆರಿಕದ ಸುಪ್ರೀಂ ಕೋರ್ಟು ಕೂಡದು ಎಂದಿತು. ನಾರ್ವೆಯವರ ದಾರಿ ಬೇರೆ. ಯಾರಿಗೂ ಚೆಕ್ಕಿಲ್ಲ. 1990ರಲ್ಲಿ ನಿಧಿ ಮಾಡಿ, ತೈಲದ ಹಣವನ್ನೆಲ್ಲ ಅದರಲ್ಲಿಟ್ಟು, ವರ್ಷಕ್ಕೆ ನೂರಕ್ಕೆ ಮೂರರಷ್ಟನ್ನು ಮಾತ್ರ ಬಜೆಟ್ಟಿಗೆ ತೆಗೆಯುತ್ತಾರೆ. ಅಷ್ಟು ದೂರ ಯಾಕೆ, ಪಕ್ಕದ ಗೋವಾದಲ್ಲೇ 2014ರ ಏಪ್ರಿಲ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಬ್ಬಿಣದ ಅದಿರಿನ ಮಾರಾಟದ ಹತ್ತನೇ ಒಂದು ಭಾಗವನ್ನು ಮುಂದಿನ ಪೀಳಿಗೆಗೆಂದು ಶಾಶ್ವತ ನಿಧಿಯಲ್ಲಿ ಇಡಲು ಹೇಳಿತು. ಅದಕ್ಕೂ ಎರಡು ವರ್ಷ ಮೊದಲು 2ಜಿ ತರಂಗಾಂತರದ ತೀರ್ಪಿನಲ್ಲಿ, ನೈಸರ್ಗಿಕ ಸಂಪತ್ತಿಗೆ ಜನ ಒಡೆಯರು, ಸರ್ಕಾರ ಧರ್ಮದರ್ಶಿ ಮಾತ್ರ ಎಂಬ ಅರ್ಥದ ಮಾತನ್ನು ಅದೇ ಕೋರ್ಟು ಹೇಳಿತ್ತು.

"ಕೋಲಾರದ ಚಿನ್ನಕ್ಕೆ ಹಂಗೆ ಮಾಡಿದ್ರೆ ನಮ್ಗೆಷ್ಟು ಬರ್ತಿತ್ತು ಸಾಮಿ?" ಎಂದರು ಯಜಮಾನರು.

ಟೀ ಅಂಗಡಿಯ ಹುಡುಗ ಫೋನಿನಲ್ಲಿ ಗುಣಿಸಲು ತಯಾರಾದ. ಒಂದು ಗ್ರಾಂ ಚಿನ್ನಕ್ಕೆ ಲೆಕ್ಕದ ಸುಲಭಕ್ಕೆ ಹತ್ತು ಸಾವಿರ ರೂಪಾಯಿ ಎಂದು ಹಿಡಿದೆವು. 800 ಟನ್ ಎಂದರೆ 80 ಕೋಟಿ ಗ್ರಾಂ. ಒಟ್ಟು ಎಂಟು ಲಕ್ಷ ಕೋಟಿ. ರಾಜ್ಯದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ, ಅಂದರೆ ಅದರ ಸುಮಾರು ಎರಡು ಪಟ್ಟು. ಹುಡುಗ ಶಿಳ್ಳೆ ಹೊಡೆದ. ಗೋವಾದ ಮಾದರಿಯಲ್ಲಿ ಹತ್ತನೇ ಒಂದು ಭಾಗ ನಿಧಿಗೆ ಎಂದರೆ 80 ಸಾವಿರ ಕೋಟಿ. ನಾರ್ವೆಯ ಮಾದರಿಯಲ್ಲಿ ಅದರ ನೂರಕ್ಕೆ ಮೂರು ಎಂದರೆ ವರ್ಷಕ್ಕೆ 2,400 ಕೋಟಿ. ಅಲಾಸ್ಕದ ಮಾದರಿಯಲ್ಲಿ ಅದನ್ನು ಕರ್ನಾಟಕದ ಏಳು ಕೋಟಿ ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ ಸುಮಾರು 340 ರೂಪಾಯಿ. ವರ್ಷಕ್ಕೆ.

ಹುಡುಗನ ಶಿಳ್ಳೆ ಅರ್ಧಕ್ಕೇ ನಿಂತಿತು. ಆ ನಿಧಿ ನೂರು ವರ್ಷ ಬೆಳೆದಿದ್ದರೆ ಮೊತ್ತ ಬೇರೆಯೇ ಆಗುತ್ತಿತ್ತು ಎಂದು ನಾನು ಸಮಾಧಾನಕ್ಕೆ ಸೇರಿಸಿದೆ. ಆದರೂ ಚಿನ್ನದ ಬಗ್ಗೆ ನಮಗಿರುವ ಮೋಹವನ್ನು ಈ ಲೆಕ್ಕ ಸ್ವಲ್ಪ ಇಳಿಸುತ್ತದೆ, ಇಳಿಸಬೇಕು ಕೂಡ. ಗಣಿಯ ಚಿನ್ನ ಸರ್ಕಾರದ ಗ್ಯಾರಂಟಿಗಳನ್ನು ಹೊರುವಷ್ಟು ದೊಡ್ಡದಲ್ಲ. ಕರ್ನಾಟಕದ ಬೊಕ್ಕಸಕ್ಕೆ ಇವತ್ತು ನೆಲದಿಂದ ಬರುವ ದೊಡ್ಡ ಹಣ ಅದಿರಿನದೂ ಅಲ್ಲ. 2025-26ರಲ್ಲಿ ನೋಂದಣಿ ಮತ್ತು ಮುದ್ರಾಂಕ ಶುಲ್ಕದಿಂದ ನಿರೀಕ್ಷಿಸಿದ್ದು 28,000 ಕೋಟಿ. ಅದು ಬಹುತೇಕ ಇಂಥ ಊರುಗಳ ಗುಂಟೆ ಗುಂಟೆ ನೆಲ ಕೈ ಬದಲಾಯಿಸುವಾಗ ಉದುರುವ ಹಣ. ಮೆಟ್ರೋ ಬಂದದ್ದು ಎಲ್ಲರ ತೆರಿಗೆಯಿಂದ. ಅದು ಬಂದದ್ದಕ್ಕೆ ಬೆಲೆ ಏರಿದ್ದು ನಿಲ್ದಾಣದ ಆಸುಪಾಸಿನ ಸೈಟುಗಳದ್ದು. ಈ ಏರಿಕೆಯಲ್ಲಿ ರೈಲಿನ ಬಾಗಿಲಿಗೆ ಜೋತು ಬರುವವರಿಗೆ ಪಾಲು ಎಲ್ಲಿದೆ ಎಂದು ಕೇಳಿದರೆ, ಮೇಲಿಂದ ಬಿದ್ದ ಸೊನ್ನೆ ಟಿಕೆಟ್ಟನ್ನು ತೋರಿಸಬಹುದೇನೋ. ಅದನ್ನು ಪುಕ್ಕಟೆ ಎನ್ನುವವರಿಗೆ ನೆಲದ ಮೌಲ್ಯ ತಮ್ಮ ಪಾಲಿಗೆ ಪುಕ್ಕಟೆಯಾಗಿ ಏರಿದ್ದು ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಬಜೆಟ್ಟಿನ ಹೊತ್ತಿಗೆ ಯಾರು ಅಧಿಕಾರದಲ್ಲಿರುತ್ತಾರೋ, ಟಿಕೆಟ್ಟು ಇರುತ್ತದೋ ಇಲ್ಲವೋ. ಸಿಂಗಪುರದ ಯೂನಿಟ್‌ದಾರನಿಗೆ ಆ ಚಿಂತೆ ಇಲ್ಲ. ಅವನದು ದಾಖಲೆಯಲ್ಲಿರುವ ಪಾಲು.

ಅಷ್ಟರಲ್ಲಿ ನೀರಿನ ಟ್ಯಾಂಕರೊಂದು ಹಿಮ್ಮುಖವಾಗಿ ಬೀದಿಗೆ ನುಗ್ಗಿತು. ಯಜಮಾನರ ಬಾಡಿಗೆ ಮನೆಗಳ ಸಂಪು ಖಾಲಿ. ಜಮೀನು ಯಾರದೋ ಅದರಡಿಯ ನೀರೂ ಅವರದೇ ಎಂಬ ಹಳೆಯ ನಿಯಮದ ಬಲದಲ್ಲಿ ಹೊರವಲಯದ ಯಾವುದೋ ತೋಟದ ಬೋರ್‌ವೆಲ್ಲು ಇಡೀ ಬೀದಿಯ ನೀರುಗಂಟಿಯಾಗಿದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ನಗರಕ್ಕೆ ಬರುವಂತಾದರೂ ಟ್ಯಾಂಕರಿನವರ ಫೋನು ಬಿಡುವಾಗಿಲ್ಲ. ಇಲ್ಲಿ ಬಳಸಿ ಚೆಲ್ಲಿದ ನಗರದ ನೀರನ್ನೇ ಎರಡು ಹಂತದಲ್ಲಿ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತವೂ ಬೇಕು ಎಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ಕೋಲಾರದಿಂದ ಇತ್ತ ಬರುವುದು ಹಾಲು, ತರಕಾರಿ, ಟೊಮೆಟೊ, ಬೆಳಗಿನ ರೈಲಿನ ಜನ.

"ಎಷ್ಟಪ್ಪಾ?" ಎಂದು ಯಜಮಾನರು ಚಾಲಕನನ್ನು ಕೇಳಿದರು. ಆತ ಹೇಳಿದ ಮೊತ್ತಕ್ಕೆ ಹುಬ್ಬು ಏರಿಸಿ, 2024ರ ಬರಗಾಲದಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು ನಿಗದಿ ಮಾಡಿದ್ದನ್ನು ನೆನಪಿಸಿದರು. ಚಾಲಕ ನಕ್ಕ. ಆ ಆದೇಶ ಯಾವ ಕಾಲದ್ದೋ ಎಂಬ ನಗು.

"ಇವ್ರು ನನ್ ಪಾಲಿನ ಚಿನ್ನದ ದುಡ್ಡು ಮುನ್ನೂರ ನಲವತ್ತು ಅಂತಿದಾರೆ" ಎಂದು ಯಜಮಾನರು ನನ್ನತ್ತ ಕೈ ತೋರಿಸಿದರು. "ಸರ್ಕಾರಿ ರೇಟಲ್ಲೂ ಅದ್ಕೆ ಅರ್ಧ ಟ್ಯಾಂಕರ್ ಮೇಲೆ ಒಂದೆರಡು ಡ್ರಮ್ಮು."

ಚಾಲಕ ಪೈಪನ್ನು ಸಂಪಿಗೆ ಇಳಿಸಿ, ಅರ್ಧ ಟ್ಯಾಂಕರ್ ತಾನು ಕೊಡುವುದಿಲ್ಲ, ಪೂರ್ತಿ ಬೇಕಾದರೆ ಮೊದಲು ಫೋನ್‌ಪೇ ಮಾಡಿ ಎಂದ.